ಮುಕ್ಕು ನವಿಲು

ಆ ಮಾತು ನಾಲಿಗೆಯ ತುದಿಯವರೆಗೂ ಬಂದು ನಿಂತಿದೆ. ಒಡೆದದ್ದು ಅಲ್ಲ. ಚೂರಾದದ್ದೂ ಅಲ್ಲ. ಗೊಂಬೆ ಹೆಚ್ಚುಕಡಿಮೆ ಇಡಿಯಾಗಿಯೇ ಇರುತ್ತದೆ, ಆದರೆ ಮೂಗಿನ ತುದಿಯೋ ಕಿವಿಯ ಅಂಚೋ ಹೋಗಿರುತ್ತದೆ. ಅದಕ್ಕೆ ನಮ್ಮ ಕಡೆ ಒಂದು ಮಾತಿತ್ತು. ಮುರುಕು? ಅಲ್ಲ. ಮೊಂಡು? ಅದು ಚಾಕುವಿಗೆ. ಮೊಕ್ಕ... ಮುಕ್ಕು! ಹೌದು, ಮುಕ್ಕು. ಈ ಜಬಲ್ಪುರದಲ್ಲಿ ಆ ಮಾತನ್ನು ಯಾರ ಬಾಯಲ್ಲೂ ಕೇಳದೆ ಎಷ್ಟು ಕಾಲವಾಯಿತೋ. ಈ ಕಥೆಗೆ ಆ ಮಾತು ಬೇಕೇ ಬೇಕು. ಸಿಕ್ಕಿತಲ್ಲ, ಇನ್ನು ಕೇಳಿ ಮಕ್ಕಳೇ.

ಮಂಡ್ಯದ ಸೀಮೆಯಲ್ಲಿ ಒಂದು ಸಕ್ಕರೆ ಕಾರ್ಖಾನೆ. ಅದರ ಬೆನ್ನಿಗೆ ಕೆಲಸಗಾರರ ಕ್ವಾರ್ಟರ್ಸು. ಗಾಳಿ ಬೀಸಿದರೆ ಕಾಕಂಬಿಯ ವಾಸನೆ, ಮಳೆ ಬಂದರೆ ಒದ್ದೆ ಕಬ್ಬಿನ ಸಿಪ್ಪೆಯ ವಾಸನೆ. ಅಲ್ಲಿ ನೀಲಮ್ಮ ಎಂಬ ಗೃಹಿಣಿ ಇದ್ದಳು. ಮನೆಯಲ್ಲಿ ಗಂಡ, ಅತ್ತೆ ದೊಡ್ಡತಾಯಮ್ಮ, ಮಗಳು ಸುಗುಣ, ಮಗ ಮಾದೇಶ. ಸುಗುಣ ಆಗಷ್ಟೇ ಶಾಲೆಗೆ ಹೋಗಲು ಶುರುಮಾಡಿದ್ದಳು. ಮಾದೇಶನಿಗೆ ಇನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ.

ನೀಲಮ್ಮನ ಸಂಕ್ರಾಂತಿ ಸಕ್ಕರೆ ಅಚ್ಚು ಎಂದರೆ ಕ್ವಾರ್ಟರ್ಸಿಗೆಲ್ಲ ಪ್ರಸಿದ್ಧ. ಸಕ್ಕರೆ ಪಾಕಕ್ಕೆ ಒಂದು ಹನಿ ಹಾಲು ಬಿಟ್ಟು ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿ, ಮರದ ಅಚ್ಚುಗಳಿಗೆ ಹುಯ್ದು ಅವಳು ತೆಗೆಯುತ್ತಿದ್ದ ಆನೆ, ಕುದುರೆ, ಗಿಳಿ, ಬಸವಗಳು ಹತ್ತಿಯ ಹಾಗೆ ಬೆಳ್ಳಗಿರುತ್ತಿದ್ದವು. ಎಲ್ಲಕ್ಕಿಂತ ಚೆಂದ ನವಿಲು. ಆ ನವಿಲಿನ ಅಚ್ಚು ಅವಳ ತವರಿನದು. ಮದುವೆಯಾಗಿ ಬರುವಾಗ ಸೀರೆಗಳ ನಡುವೆ ಸುತ್ತಿಕೊಂಡು ತಂದದ್ದು. ಕತ್ತು ತೆಳ್ಳಗೆ, ತಲೆಯ ಮೇಲೆ ತುರಾಯಿ, ಬಾಲದ ಒಂದೊಂದು ಗರಿಯಲ್ಲೂ ಒಂದೊಂದು ಕಣ್ಣು. ಕೈ ಸ್ವಲ್ಪ ನಡುಗಿದರೂ ಕತ್ತು ಮುರಿಯುತ್ತಿತ್ತು.

ಆ ಮನೆಯಲ್ಲಿ ಒಂದು ಕಟ್ಟಳೆ. ಅದು ಬೇರೆ ಎಷ್ಟೋ ಮನೆಗಳಲ್ಲೂ ಇತ್ತು. ಇಡೀ ಅಚ್ಚು ಹೊರಗಿನವರಿಗೆ, ಮುಕ್ಕಾದದ್ದು ಮನೆ ಮಕ್ಕಳಿಗೆ.

ಎಳ್ಳು ಬೀರುವಾಗ ತಟ್ಟೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜದ ಮೇಲೆ ಇಡೀ ಅಚ್ಚನ್ನೇ ಇಡಬೇಕು. ಮುಕ್ಕು ಅಚ್ಚು ಇಟ್ಟು ಕೊಟ್ಟರೆ ಅದು ಅವಮಾನ. ಹಾಗಾಗಿ ಸೊಂಡಿಲಿಲ್ಲದ ಆನೆ, ಕಾಲಿಲ್ಲದ ಕುದುರೆ ಮಕ್ಕಳ ಪಾಲಿಗೆ. ಬೇರೆ ಮನೆಗಳಿಂದ ಬಂದ ಇಡೀ ಅಚ್ಚುಗಳಾದರೂ ಮಕ್ಕಳಿಗೆ ಸಿಗುತ್ತಿದ್ದವೇ? ಇಲ್ಲ. ನೀಲಮ್ಮ ಅವನ್ನು ಡಬ್ಬಿಗೆ ತುಂಬಿ ಅಟ್ಟಕ್ಕೆ ಏರಿಸುತ್ತಿದ್ದಳು.

"ನಾವು ಮರೆತುಬಿಟ್ಟವರು ಯಾರಾದ್ರೂ ಬಂದ್ರೆ ಕೊಡೋಕೆ ಇರಲಿ," ಎನ್ನುತ್ತಿದ್ದಳು.

ಯಾರೂ ಬರುತ್ತಿರಲಿಲ್ಲ. ಶಿವರಾತ್ರಿಯ ಹೊತ್ತಿಗೆ ಡಬ್ಬಿ ತೆಗೆದರೆ ಒಳಗೆ ಇರುವೆಗಳ ಜಾತ್ರೆ. ಹಳದಿ ತಿರುಗಿದ ಆನೆ ಕುದುರೆಗಳೆಲ್ಲ ಕೊನೆಗೆ ಕಾಫಿಯ ಪಾಲಾಗುತ್ತಿದ್ದವು.

ಆ ವರ್ಷ ಮನೆಯಲ್ಲಿ ಒಂದು ವಿಶೇಷವಿತ್ತು. ನೀಲಮ್ಮನ ನಾದಿನಿ ಗಂಗಾಂಬಿಕೆಗೆ, ಅಂದರೆ ದೊಡ್ಡತಾಯಮ್ಮನ ಕೊನೆಯ ಮಗಳಿಗೆ, ಆಗಷ್ಟೇ ಮದುವೆಯಾಗಿತ್ತು. ಎಲ್ಲರೂ ಅವಳನ್ನು ಗಂಗಿ ಎಂದೇ ಕರೆಯುತ್ತಿದ್ದರು. ಮೊದಲನೇ ಸಂಕ್ರಾಂತಿಗೆ ಅವಳು ಅತ್ತೆಯನ್ನು ಕರೆದುಕೊಂಡು ತವರಿಗೆ ಎಳ್ಳು ತರುವವಳಿದ್ದಳು. ಮರಳಿ ಹೋಗುವಾಗ ಅವಳ ಮಡಿಲಿಗೆ ಎಳ್ಳಿನ ತಟ್ಟೆ ಕೊಡಬೇಕು. ಆ ತಟ್ಟೆಯ ನೆತ್ತಿಯ ಮೇಲೆ ನವಿಲು ಕೂರಬೇಕು ಎಂದು ನೀಲಮ್ಮ ದೀಪಾವಳಿಯಿಂದಲೇ ಲೆಕ್ಕ ಹಾಕಿದ್ದಳು.

ಹಬ್ಬದ ಹಿಂದಿನ ದಿನ ಅಚ್ಚು ಹುಯ್ಯುವ ಕೆಲಸ. ಮಕ್ಕಳಿಬ್ಬರೂ ಅಡಿಗೆಮನೆಯ ಬಾಗಿಲಲ್ಲೇ ಠಿಕಾಣಿ ಹೂಡಿದರು. ನೆನೆಹಾಕಿದ್ದ ಅಚ್ಚುಗಳನ್ನು ನೀರಿನಿಂದ ತೆಗೆದು ಒರೆಸುವುದು ಮಾದೇಶನ ಕೆಲಸ. ಅವನು ಅಚ್ಚಿಗಿಂತ ಹೆಚ್ಚಾಗಿ ತನ್ನ ಹೊಟ್ಟೆಯನ್ನೇ ಒದ್ದೆ ಮಾಡಿಕೊಂಡ. ಎರಡು ಹೋಳುಗಳನ್ನು ಜೋಡಿಸಿ ದಾರ ಸುತ್ತುವುದು ಸುಗುಣಳ ಕೆಲಸ. ಅವಳ ಪುಟ್ಟ ಬೆರಳುಗಳಿಗೆ ಆ ಗಂಟು ಚೆನ್ನಾಗಿ ಕೂರುತ್ತಿತ್ತು.

"ಬಿಗಿಯಾಗಿ ಕಟ್ಟು ಕೂಸೇ. ಸಡಿಲ ಬಿಟ್ಟರೆ ಆನೆಗೆ ರೆಕ್ಕೆ ಬರುತ್ತೆ," ಎಂದಳು ನೀಲಮ್ಮ.

"ಬರಲಿ ಬಿಡು. ರೆಕ್ಕೆ ಬಂದದ್ದನ್ನ ನನಗೆ ಕೊಡು," ಎಂದ ಮಾದೇಶ.

ನೀಲಮ್ಮ ಪಾಕ ಹುಯ್ದಳು. ಬೆಳ್ಳಗೆ ಕಟ್ಟಿಕೊಂಡಿತು. ದಾರ ಬಿಚ್ಚಿದಳು. ಆನೆ ಇಡಿಯಾಗಿ ಬಂತು. ಕುದುರೆ ಇಡಿಯಾಗಿ ಬಂತು. ಗಿಳಿಗಳು, ಬಸವಗಳು, ಬಾಳೆಗೊನೆ, ಎಲ್ಲವೂ ಒಂದರ ಹಿಂದೆ ಒಂದು ಇಡಿಯಾಗಿ ಬಂದವು. ಕಡೆಯಲ್ಲಿ ನವಿಲು. ನೀಲಮ್ಮ ಉಸಿರು ಬಿಗಿಹಿಡಿದು ಹೋಳು ಎತ್ತಿದಳು. ನವಿಲು ಕತ್ತು ಕೊಂಕಿಸಿಕೊಂಡು ಎದ್ದು ಕೂತಿತು. ತುರಾಯಿಯ ಒಂದು ಕಡ್ಡಿಯೂ ಹೋಗಿರಲಿಲ್ಲ.

"ಅತ್ತೇ, ಬನ್ನಿ ನೋಡಿ! ಈ ಸಲ ಒಂದೂ ಮುಕ್ಕಿಲ್ಲ! ಒಂದೇ ಒಂದೂ ಮುಕ್ಕಿಲ್ಲ!"

ದೊಡ್ಡತಾಯಮ್ಮ ಬಂದು ನೋಡಿ, "ಭೇಷ್ ಕಣವ್ವ. ಕೈ ಅಂದ್ರೆ ಇದು," ಎಂದಳು.

ಅಷ್ಟರಲ್ಲಿ ಬಾಗಿಲ ಬಳಿಯಿಂದ ಬಿಕ್ಕುವ ಸದ್ದು ಕೇಳಿಸಿತು. ಮಾದೇಶ ಅಳುತ್ತಿದ್ದ.

"ಯಾಕ್ಲಾ, ಏನಾಯ್ತು?" ಎಂದಳು ನೀಲಮ್ಮ.

"ಒಂದೂ ಮುಕ್ಕಾಗಿಲ್ಲ," ಎಂದ ಮಾದೇಶ.

ನೀಲಮ್ಮನಿಗೆ ನಗು ಬಂತು. ಪಾತ್ರೆಗೆ ಅಂಟಿದ್ದ ಸಕ್ಕರೆಯನ್ನು ಕೆರೆದು ಅವನ ಅಂಗೈಗೆ ಹಾಕಿದಳು. ಅವನು ಅದನ್ನು ನೆಕ್ಕಿದ. ಆದರೆ ಕಣ್ಣು ಮಾತ್ರ ಮೊರದ ಮೇಲಿನ ಆನೆಯ ಮೇಲೇ ಇತ್ತು. ಕೆರೆದ ಸಕ್ಕರೆಗೆ ಸೊಂಡಿಲಿರುವುದಿಲ್ಲವಲ್ಲ.

ಸುಗುಣ ಅಳಲಿಲ್ಲ. ಕೇಳಿದಳು. "ಅಮ್ಮಾ, ನಮಗೆ ಇಡೀದು ಯಾವಾಗ ಕೊಡ್ತೀಯ?"

"ಇಡೀದು ಹೊರಗಿನವರಿಗೆ ಕಣೆ."

"ನಾವು ಯಾವಾಗ ಹೊರಗಿನವರಾಗೋದು?"

ದೊಡ್ಡತಾಯಮ್ಮ ತಮಾಷೆ ಮಾಡಿದಳು. "ನೀನು ಮದುವೆ ಮಾಡ್ಕೊಂಡು ಹೋಗು ಪುಟ್ಟಿ. ಆಗ ನಿಮ್ಮಮ್ಮ ಇಂಥದ್ದೇ ನವಿಲು ಕೊಡ್ತಾಳೆ. ನಿಮ್ಮತ್ತೆ ಗಂಗಿಗೆ ಕೊಡ್ತಿಲ್ವ ಈಗ?"

ದೊಡ್ಡವರು ನಕ್ಕು ಮರೆತರು. ಸುಗುಣ ಮರೆಯಲಿಲ್ಲ.

ಮರುದಿನ ಹಬ್ಬ. ಮಧ್ಯಾಹ್ನ ಊಟವಾದ ಮೇಲೆ ದೊಡ್ಡತಾಯಮ್ಮ ಸ್ವಲ್ಪ ಅಡ್ಡಾದಳು. ನೀಲಮ್ಮ ಹಿತ್ತಲಲ್ಲಿ ಎಳ್ಳಿನ ತಟ್ಟೆಗಳನ್ನು ಹುಣಸೆಹಣ್ಣು ಹಾಕಿ ಬೆಳಗುತ್ತಿದ್ದಳು. ನಡುಮನೆಯಲ್ಲಿ ಮೊರದ ಮೇಲೆ ಬಿಳಿ ಬಟ್ಟೆ ಹೊದಿಸಿದ ಅಚ್ಚುಗಳು. ಅವುಗಳ ಮುಂದೆ ಇಬ್ಬರು ಮಕ್ಕಳು.

"ಅಕ್ಕ, ಆನೆ ತಾನಾಗೇ ಬೀಳುತ್ತಾ?" ಎಂದು ಕೇಳಿದ ಮಾದೇಶ.

"ತಾನಾಗೇ ಬೀಳಲ್ಲ."

"ಬೀಳಲಿ ಅಂತ ಕೈ ಮುಗಿದೆ. ಆದ್ರೂ ಬೀಳಲಿಲ್ಲ."

ಸುಗುಣ ಬಟ್ಟೆ ಸರಿಸಿದಳು. ಬಹಳ ಹೊತ್ತು ನೋಡಿದಳು. ಆನೆಯನ್ನು ಮುಟ್ಟಲಿಲ್ಲ, ಕುದುರೆಯನ್ನು ಮುಟ್ಟಲಿಲ್ಲ. ನವಿಲನ್ನು ಎತ್ತಿಕೊಂಡಳು. ಹೆಬ್ಬೆರಳಿನಿಂದ ಕತ್ತನ್ನು ಒತ್ತಿದಳು. ಒಣಕಡ್ಡಿ ಮುರಿದಷ್ಟು ಸಣ್ಣ ಸದ್ದಾಯಿತು. ತಲೆ ಒಂದು ಕೈಯಲ್ಲಿ, ಮೈ ಒಂದು ಕೈಯಲ್ಲಿ.

"ಈಗ ಮುಕ್ಕಾಯ್ತು," ಎಂದಳು. "ಈಗ ನಮ್ಮದು."

ಮಾದೇಶ ಬಾಯಿ ತೆರೆದು ಮುಂದೆ ಬಂದ. ಸುಗುಣ ಅವನ ಕೈ ತಳ್ಳಿದಳು. "ಈಗಲೇ ಅಲ್ಲ. ಕದ್ದು ತಿನ್ನಬಾರದು. ಅಮ್ಮ ಬಂದು ಕೊಡಲಿ." ತಟ್ಟೆಯಲ್ಲಿ ತಲೆಯನ್ನೂ ಮೈಯನ್ನೂ ಒಂದರ ಪಕ್ಕ ಒಂದು ಇಟ್ಟಳು. ಇಬ್ಬರೂ ಚಕ್ಕಳಮಕ್ಕಳ ಹಾಕಿ ಕೂತು ಕಾಯತೊಡಗಿದರು. ಮಾದೇಶನ ಬಾಯಿಂದ ಜೊಲ್ಲು ಇಳಿಯಿತು. ಅಂಗಿಯಲ್ಲಿ ಒರೆಸಿಕೊಂಡ. ಮುಟ್ಟಲಿಲ್ಲ.

ನೀಲಮ್ಮ ಫಳಫಳ ಹೊಳೆಯುವ ತಟ್ಟೆಗಳನ್ನು ಹಿಡಿದು ಒಳಗೆ ಬಂದಳು. ನೋಡಿದಳು. ಕೈಯಲ್ಲಿದ್ದ ತಟ್ಟೆಗಳು ಠಣ್ಣೆಂದು ನೆಲಕ್ಕೆ ಬಿದ್ದವು.

"ಯಾರು ಮಾಡಿದ್ದು?"

"ನಾನು," ಎಂದಳು ಸುಗುಣ. ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ. ಅದನ್ನು ಕೇಳಿಯೇ ನೀಲಮ್ಮನ ಪಿತ್ತ ನೆತ್ತಿಗೇರಿತು.

"ಮನೆಹಾಳಿ! ಗಂಗಿಯ ಅತ್ತೆ ಇನ್ನೇನು ಬಸ್ಸಿಳಿದು ಬರ್ತಾರೆ. ಹೊಸ ಮದುಮಗಳ ತಟ್ಟೆಗೆ ಕತ್ತು ಮುರಿದ ನವಿಲಾ? ಅವಳಿಗೆ ಆ ಮನೇಲಿ ಏನು ಮರ್ಯಾದೆ ಉಳಿಯುತ್ತೆ? ಇನ್ನೊಂದು ಹುಯ್ಯೋಕೆ ಹೊತ್ತಿದೆಯಾ?" ಹೊಡೆಯಲು ಕೈ ಎತ್ತಿದಳು.

"ತಿಂದಿಲ್ಲ ಅಮ್ಮ," ಎಂದ ಮಾದೇಶ ಗಾಬರಿಯಿಂದ. "ನೀನು ಬಂದು ಕೊಡಲಿ ಅಂತ ಕಾಯ್ತಾ ಇದ್ವಿ. ನೆಕ್ಕೂ ಇಲ್ಲ."

"ಇಡೀದು ಹೊರಗಿನವರಿಗೆ, ಮುಕ್ಕು ನಮಗೆ ಅಂದಿದ್ದೆ ನೀನು," ಎಂದಳು ಸುಗುಣ. "ಯಾವುದೂ ಮುಕ್ಕಾಗಲಿಲ್ಲ. ಅದಕ್ಕೇ..."

ಎತ್ತಿದ ಕೈ ಹಾಗೆಯೇ ನಿಂತಿತು.

ಸದ್ದಿಗೆ ಎದ್ದು ಬಂದಿದ್ದ ದೊಡ್ಡತಾಯಮ್ಮ ಬಾಗಿಲಿಗೆ ಒರಗಿ ಎಲ್ಲ ಕೇಳಿಸಿಕೊಂಡಿದ್ದಳು. "ನೀಲಾ," ಎಂದಳು ಮೆಲ್ಲಗೆ. "ಈ ನವಿಲಿನ ಅಚ್ಚು ನಿನ್ನ ತವರಿನದು. ಚಿಕ್ಕವಳಿದ್ದಾಗ ವರ್ಷಾವರ್ಷ ನಿಮ್ಮಮ್ಮ ಹುಯ್ಯೋದನ್ನ ನೋಡಿದ್ದೀಯ. ಎಷ್ಟು ನವಿಲು ತಿಂದಿದ್ದೀಯ ಹೇಳು?"

ನೀಲಮ್ಮ ಯೋಚಿಸಿದಳು. ಅವಳಿಗೆ ತವರಿನ ನಡುಮನೆ ಕಂಡಿತು. ಅಲ್ಲೂ ಮೊರ, ಅಲ್ಲೂ ಬಿಳಿ ಬಟ್ಟೆ. "ಒಂದು ಸಲ ಬಾಲದ ತುದಿ ಮುಕ್ಕಾಗಿತ್ತು," ಎಂದಳು. "ಅದನ್ನ ತಿಂದಿದ್ದೆ."

"ನಾನು ಬಾಲದ ತುದೀನೂ ಕಾಣೆ," ಎಂದಳು ದೊಡ್ಡತಾಯಮ್ಮ.

ನೀಲಮ್ಮನ ಕೈ ತಾನಾಗಿ ಕೆಳಗಿಳಿಯಿತು. ಅಷ್ಟು ಹೊತ್ತಿಗೆ ಹೊರಗೆ ಗಂಗಿಯ ದನಿ ಕೇಳಿಸಿತು. "ಅತ್ತಿಗೇ! ನೀರು ತನ್ನಿ, ಕಾಲು ತೊಳೀಬೇಕು!"

ನೀಲಮ್ಮ ಗಾಬರಿಯಲ್ಲಿ ನವಿಲಿನ ತಟ್ಟೆಯ ಮೇಲೆ ಸೆರಗು ಮುಚ್ಚಿ ಹಿಂದಕ್ಕೆ ಸರಿಸಿದಳು. ಗಂಗಿ ರೇಷ್ಮೆ ಸೀರೆ ಸರಬರ ಎನ್ನಿಸುತ್ತ ಬಂದಳು. ಅವಳ ಹಿಂದೆ ಅವಳ ಅತ್ತೆ ಪುಟ್ಟಗೌರಮ್ಮ. ಆಕೆ ಕಟ್ಟುನಿಟ್ಟಿನ ಹೆಂಗಸು. ಶಕುನ, ಹೊತ್ತು, ಪದ್ಧತಿ ಎಂದರೆ ಒಂದು ಕೂದಲು ಆಚೀಚೆ ಆಗಬಾರದು. ಕಾಲು ತೊಳೆದರು, ಕುಂಕುಮ ಇಟ್ಟುಕೊಂಡರು, ಚಾಪೆಯ ಮೇಲೆ ಕೂತರು. ದೊಡ್ಡತಾಯಮ್ಮ ಬೀಗಿತ್ತಿಯ ಕೈಗೆ ಒಂದು ಹಿಡಿ ಎಳ್ಳು ಬೆಲ್ಲ ಹಾಕಿದಳು. ಆಕೆ ಅದನ್ನು ಬಾಯಿಗೆ ಹಾಕಿಕೊಂಡಳು.

"ಎಲ್ಲಿ ಅತ್ತಿಗೆ, ನವಿಲು?" ಎಂದಳು ಗಂಗಿ. "ಬಸ್ಸಲ್ಲಿ ದಾರಿಯುದ್ದಕ್ಕೂ ಇವರಿಗೆ ಅದನ್ನೇ ಹೇಳಿಕೊಂಡು ಬಂದೆ. ನಮ್ಮತ್ತಿಗೆ ಹುಯ್ಯೋ ನವಿಲು ನೋಡಿ, ಗರಿ ಎಣಿಸಬಹುದು ಅಂತ."

ಈ ವರ್ಷ ನವಿಲು ಹುಯ್ಯಲಾಗಲಿಲ್ಲ ಎಂದರೆ ಮುಗಿದುಹೋಗುತ್ತಿತ್ತು. ಸುಗುಣ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಕದ್ದು ತಿನ್ನದೆ ಕಾದ ಮಗುವಿನ ಎದುರು ಸುಳ್ಳು ಹೇಳಲು ನೀಲಮ್ಮನಿಗೆ ನಾಲಿಗೆ ಏಳಲಿಲ್ಲ. ತಟ್ಟೆಯನ್ನು ಮುಂದಕ್ಕೆ ತಂದು ಇಟ್ಟಳು.

ತಲೆ ಒಂದು ಕಡೆ. ಮೈ ಒಂದು ಕಡೆ.

ಪುಟ್ಟಗೌರಮ್ಮನ ಹುಬ್ಬು ಮೇಲೇರಿತು. "ಮೊದಲನೇ ಎಳ್ಳಿಗೆ..." ಎಂದು ಶುರುಮಾಡಿದಳು.

"ಬೀಗಿತ್ತಿ," ಎಂದಳು ದೊಡ್ಡತಾಯಮ್ಮ, "ಬಾಯಲ್ಲಿ ಎಳ್ಳು ಬೆಲ್ಲ ಇದೆ. ನುಂಗೋವರೆಗೂ ಒಳ್ಳೇ ಮಾತೇ ಆಡಬೇಕು, ನೆನಪಿರಲಿ."

ಪುಟ್ಟಗೌರಮ್ಮ ಬಾಯಿ ಮುಚ್ಚಿದಳು. ಎಳ್ಳು ಅಗಿಯುವುದು ಬಹಳ ಹೊತ್ತಿನ ಕೆಲಸ.

"ಯಾರು ಮುರಿದದ್ದು?" ಎಂದು ಕೇಳಿದಳು ಗಂಗಿ.

"ಅಕ್ಕ," ಎಂದ ಮಾದೇಶ. ಆಮೇಲೆ ಅದು ಸರಿಯಲ್ಲ ಎನಿಸಿ, "ನಾನೂ ಕೈ ಮುಗಿದಿದ್ದೆ," ಎಂದು ಸೇರಿಸಿದ.

ಗಂಗಿ ಸುಗುಣಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. "ಯಾಕೆ ಮುರಿದೆ ಪುಟ್ಟಿ? ನನ್ನ ಮೇಲೆ ಕೋಪಾನಾ?"

ಸುಗುಣ ತಲೆಯಾಡಿಸಿದಳು. "ಇಲ್ಲ ಅತ್ತೆ. ಮುಕ್ಕಾದ್ರೇನೇ ನಮಗೆ ಸಿಗೋದು. ಇಡೀದು ಬೇಕಂದ್ರೆ ಮದುವೆಯಾಗಿ ಹೊರಗೆ ಹೋಗಬೇಕಂತೆ. ಅಜ್ಜಿ ಹೇಳಿದ್ರು."

ಗಂಗಿ ಮೊದಲು ನಕ್ಕಳು. ನಗು ಅರ್ಧಕ್ಕೆ ನಿಂತಿತು. ಅವಳು ಹುಟ್ಟಿದ್ದು ಇದೇ ಮನೆಯಲ್ಲಿ. ಇದೇ ಬಾಗಿಲಲ್ಲಿ ಕೂತು ಸೊಂಡಿಲಿಲ್ಲದ ಆನೆಗಳನ್ನು ತಿಂದು ದೊಡ್ಡವಳಾದದ್ದು.

"ನಿಜ ಕಣೆ," ಎಂದಳು. "ಇಷ್ಟು ವರ್ಷ ಇದೇ ಮನೇಲಿದ್ದೆ. ನನಗೂ ಯಾವತ್ತೂ ಒಂದು ಇಡೀ ಅಚ್ಚು ಸಿಗಲಿಲ್ಲ. ಈ ವರ್ಷ ನವಿಲೇ ಸಿಗುತ್ತೆ ಅಂತ ಗೊತ್ತಾದಾಗ ಎಷ್ಟು ಹಿಗ್ಗಿದ್ದೆ! ಯಾಕೆ ಸಿಗ್ತಿದೆ ಅಂತ ಯೋಚಿಸಲೇ ಇಲ್ಲ. ನಾನೀಗ ಹೊರಗಿನವಳಾಗಿದ್ದೀನಿ. ಅದಕ್ಕೆ."

ದೊಡ್ಡತಾಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡಿದಳು.

ಗಂಗಿ ಮೊರದ ಮೇಲಿನ ಬಟ್ಟೆ ಸರಿಸಿದಳು. ಒಂದು ಇಡೀ ಗಿಳಿಯನ್ನು ಎತ್ತಿ ಸುಗುಣಳ ಅಂಗೈ ಮೇಲೆ ಇಟ್ಟಳು. ಒಂದು ಇಡೀ ಆನೆಯನ್ನು ಎತ್ತಿ ಮಾದೇಶನಿಗೆ ಕೊಟ್ಟಳು. ಆಮೇಲೆ ನವಿಲಿನ ಮುರಿದ ತಲೆಯನ್ನು ತಾನೇ ತೆಗೆದುಕೊಂಡಳು.

"ಅತ್ತಿಗೆ, ನನ್ನ ತಟ್ಟೆಗೆ ಈ ನವಿಲನ್ನೇ ಹಾಕಿ. ಮುಕ್ಕು ಮನೆಯವರಿಗೆ ಅಲ್ವಾ? ನಾನು ಈ ಮನೆ ಮಗಳು. ಮುಕ್ಕು ತಿನ್ನೋ ಹಕ್ಕು ನನ್ನಿಂದ ಕಿತ್ಕೋಬೇಡಿ." ಹೇಳಿ ತುರಾಯಿ ಸಮೇತ ತಲೆಯನ್ನು ಬಾಯಿಗೆ ಹಾಕಿಕೊಂಡಳು.

ಎಲ್ಲರೂ ಪುಟ್ಟಗೌರಮ್ಮನ ಕಡೆ ನೋಡಿದರು. ಆಕೆ ಎಳ್ಳು ಅಗಿಯುತ್ತಲೇ ಇದ್ದಳು. ಕೊನೆಗೂ ನುಂಗಿದಳು.

"ಈಗ ನೀನು ನಮ್ಮನೆಯವಳೂ ಹೌದಲ್ಲವಾ?" ಎಂದಳು ಸೊಸೆಗೆ.

"ಹೌದು ಅತ್ತೆ."

"ಹಾಗಿದ್ರೆ ನಮ್ಮನೇಲೂ ನಿನಗೆ ಮುಕ್ಕೇ ಗತಿ." ಪುಟ್ಟಗೌರಮ್ಮನ ಮುಖದಲ್ಲಿ ನಗು ಇರಲಿಲ್ಲ. ಆಮೇಲೆ ಆಕೆ ನಿಟ್ಟುಸಿರು ಬಿಟ್ಟಳು. "ನಮ್ಮ ಅಟ್ಟದ ಮೇಲೂ ಒಂದು ಡಬ್ಬಿ ಇದೆ ಕಣವ್ವ. ನನ್ನ ಮಗ ಚಿಕ್ಕವನಿದ್ದಾಗ ಬಸವ ಬೇಕು ಅಂತ ಅತ್ತಿದ್ದ. ಕೊಡಲಿಲ್ಲ. ಇರುವೆಗೆ ಕೊಟ್ಟೆ. ಈಗ ಕೊಡೋಣ ಅಂದ್ರೆ ಅವನಿಗೆ ಸಿಹಿಯೇ ಬೇಡ ಅಂತಾನೆ."

ತಾನೇ ಕೈ ಚಾಚಿ ಮೊರದಿಂದ ಒಂದು ಇಡೀ ಕುದುರೆಯನ್ನು ಎತ್ತಿ ನೀಲಮ್ಮನ ಕೈಯಲ್ಲಿಟ್ಟಳು. "ಹುಯ್ದವಳು ನೀನು. ಒಂದು ಇಡೀದು ತಿನ್ನು. ಬೀಗಿತ್ತಿಗೂ ಒಂದು ಕೊಡು. ನಾನು ನೋಡ್ತೀನಿ."

"ನನಗೆ ಹಲ್ಲೆಲ್ಲಿದೆ?" ಎಂದಳು ದೊಡ್ಡತಾಯಮ್ಮ.

"ಚೀಪು."

ಆ ಸಂಜೆ ಆ ನಡುಮನೆಯಲ್ಲಿ ದೊಡ್ಡವರೂ ಮಕ್ಕಳೂ ಸಾಲಾಗಿ ಕೂತು ಸಕ್ಕರೆ ಅಚ್ಚು ತಿಂದರು. ನೀಲಮ್ಮ ಕುದುರೆಯನ್ನು ಯಾವ ಕಡೆಯಿಂದ ಶುರುಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಸುಮ್ಮನೆ ಹಿಡಿದುಕೊಂಡಿದ್ದಳು. ಇಡೀ ಅಚ್ಚು ತಿಂದು ಅವಳಿಗೆ ಅಭ್ಯಾಸವೇ ಇರಲಿಲ್ಲ.

ಮುಂದಿನ ವರ್ಷದಿಂದ ಆ ಮನೆಯ ಕಟ್ಟಳೆ ಬದಲಾಯಿತು. ಅಚ್ಚಿನಿಂದ ಮೊದಲು ಎದ್ದದ್ದು ದೇವರಿಗೆ, ಆಮೇಲಿನದು ಮಕ್ಕಳಿಗೆ, ಉಳಿದದ್ದು ಊರಿಗೆ. ಅಟ್ಟದ ಡಬ್ಬಿ ಉಪ್ಪಿನಕಾಯಿಗೆ ಆಯಿತು. ಆ ಸಂಕ್ರಾಂತಿಗೆ ಮಾದೇಶ ತನಗೆ ಸಿಕ್ಕ ಇಡೀ ಆನೆಯನ್ನು ತಿನ್ನಲು ಮನಸ್ಸಾಗದೆ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿ, ಇರುವೆ ಕಚ್ಚಿಸಿಕೊಂಡು ಎದ್ದ. ಸುಗುಣ ತನ್ನ ಇಡೀ ಗಿಳಿಯನ್ನು ಲಂಗದ ಮಡಿಲಲ್ಲಿ ಇಟ್ಟುಕೊಂಡು ಹೊರಗೆ ಹೋದಳು. ಕಾರ್ಖಾನೆಯ ಗೇಟು ಕಾಯುವವನ ಮಗಳಿಗೆ ಅದನ್ನು ಕೊಟ್ಟು ಬಂದಳು. ಯಾಕೆ ಕೊಟ್ಟೆ ಎಂದು ನೀಲಮ್ಮ ಕೇಳಿದಾಗ, "ನನ್ನದಲ್ವಾ, ಕೊಟ್ಟೆ," ಎಂದಳು.

ಆ ವರ್ಷ ಒಂದು ಕುದುರೆ ನೀಲಮ್ಮನ ಕೈಯಿಂದಲೇ ಜಾರಿ ಮುಕ್ಕಾಯಿತು. ಯಾರಿಗೆ ಎಂದು ಕೇಳುವ ಮೊದಲೇ ನಾಲ್ಕು ಪುಟ್ಟ ಕೈಗಳು ಮುಂದೆ ಬಂದವು. ಮುಕ್ಕು ಕೂಡ ಸಿಹಿಯೇ ಅಲ್ಲವೇ? ಆದರೆ ಅದಕ್ಕೋಸ್ಕರ ಆ ಮನೆಯಲ್ಲಿ ಮತ್ತೆ ಯಾರೂ ಯಾವುದನ್ನೂ ಮುರಿಯಲಿಲ್ಲ.

ಕಥೆ ಇಷ್ಟು. ಮಿಹಿರ, ಆ ಪೆನ್ನು ತಗೋ. ಎಳ್ಳುಂಡೆ ಆಮೇಲೆ ತಿನ್ನುವೆಯಂತೆ, ಇಡೀದೇ ಕೊಡುತ್ತೇನೆ. ಅಜ್ಜಿಯ ಕೈ ನಡುಗುತ್ತದೆ, ಕೊನೆಯ ಮಾತು ನೀನೇ ಬರೆದುಕೋ. ನಿನಗೆ ಬಂದಷ್ಟು ಕನ್ನಡದಲ್ಲೇ ಬರಿ, ಒತ್ತಕ್ಷರ ತಪ್ಪಿದರೆ ನಾನು ತಿದ್ದುತ್ತೇನೆ. ಬರಿ:

ನೀತಿ: ಮನೆಯ ಮಕ್ಕಳಿಗೆ ಮುರಿದದ್ದು ಮಾತ್ರ ಸಿಗುವುದಾದರೆ, ಮುರಿಯುವುದನ್ನು ಅವರಿಗೆ ನಾವೇ ಕಲಿಸಿದಂತೆ. ನಮ್ಮವರು ಹೊರಗಿನವರಾಗುವ ತನಕ ಕಾಯದೆ, ಮನೆಯಲ್ಲಿ ಇರುವಾಗಲೇ ಅವರ ಕೈಗೆ ಒಂದು ಇಡೀದನ್ನು ಕೊಡಿ. ಇಡೀದನ್ನು ಪಡೆದ ಕೈಗೆ ಇಡೀದನ್ನು ಕೊಡಲೂ ಬರುತ್ತದೆ.